ರಾಗಿ ಮಾಲ್ಟ್: ಹೊಸೂರು ಸೀಮೆಯ ಕಾಳಿಗೆ ಸ್ಕಾಟ್ಲೆಂಡಿನ ಬ್ರೂವರಿಗಳ ಹಳೆಯ ಕೆಲಸ

ಅಂಗಡಿಯಲ್ಲಿ ರಾಗಿ ಮಾಲ್ಟ್ ಎಂಬ ಹೆಸರಲ್ಲಿ ಸಿಗುವ ಪೊಟ್ಟಣದೊಳಗೆ ಎಷ್ಟೋ ಸಲ ಇರುವುದು ಹುರಿದ ರಾಗಿ ಹಿಟ್ಟು, ಸಕ್ಕರೆ, ಒಂದಿಷ್ಟು ಏಲಕ್ಕಿ. ಮೊಳಕೆ ಬರಿಸಿದ್ದರೂ ಕಾಳು ಹಸಿ ಇರುವಾಗಲೇ ಬಾಣಲೆಗೆ ಸುರಿದು ಹುರಿದಿರುತ್ತಾರೆ. ಕುಡಿಯಲು ಅದು ಚೆನ್ನಾಗಿಯೇ ಇರುತ್ತದೆ, ಆದರೆ ಮಾಲ್ಟ್ ಅಲ್ಲ. ಮಾಲ್ಟ್ ಕೆಲಸ ಮಾಡಬೇಕು. ಬಿಸಿ ಗಂಜಿಗೆ ಒಂದು ಚಮಚ ಬಿದ್ದರೆ ಹತ್ತು ನಿಮಿಷದಲ್ಲಿ ಗಂಜಿ ತೆಳ್ಳಗಾಗಬೇಕು, ಸಕ್ಕರೆ ಹಾಕದೆಯೇ ನಾಲಿಗೆಗೆ ಸಿಹಿ ತಾಗಬೇಕು. ಮೊಳೆಯುವ ಕಾಳು ತನ್ನೊಳಗಿನ ಹಿಟ್ಟನ್ನು ಸಕ್ಕರೆಯಾಗಿ ಒಡೆಯಲು ಕಿಣ್ವಗಳನ್ನು ಹುಟ್ಟಿಸಿಕೊಳ್ಳುತ್ತದೆ. ಆ ಕಿಣ್ವಗಳನ್ನು ಬೆಳೆಸಿ, ಸಾಯಿಸದೆ, ಒಣಗಿಸಿ ಇಟ್ಟುಕೊಳ್ಳುವುದೇ ಮಾಲ್ಟ್ ಮಾಡುವ ಕೆಲಸ.

ಈ ಕೆಲಸವನ್ನು ಬಾರ್ಲಿಯ ಮೇಲೆ ಶತಮಾನಗಳ ಕಾಲ ಮಾಡಿ ಪಳಗಿದವರು ಸ್ಕಾಟ್ಲೆಂಡಿನವರು. ಅಲ್ಲಿ ದೊಡ್ಡ ಮನೆತನಗಳಿಗೆ ಸ್ವಂತ ಬ್ರೂವರಿ ಇರುತ್ತಿತ್ತು. ಮನೆಯವರಿಗೂ ಆಳುಕಾಳಿಗೂ ಬೇಕಾದ ಏಲ್ ಎಂಬ ಬಿಯರ್ ಅಲ್ಲೇ ತಯಾರಾಗುತ್ತಿತ್ತು. ಇನ್ನರ್‌ಲೀಥನ್ ಊರಿನ ಹತ್ತಿರದ ಟ್ರಾಕ್ವೇರ್ ಹೌಸ್ ಅಂಥದೊಂದು ಮನೆ. ಕರ್ನಾಟಕದ ಪಕ್ಕ ತಮಿಳುನಾಡಿನಲ್ಲಿರುವ ನಮ್ಮ ಹೊಸೂರಿನಂತೆ ಅದೂ ಗಡಿ ಸೀಮೆಯದೇ, ಇಂಗ್ಲೆಂಡ್ ಪಕ್ಕದ್ದು. ಅಲ್ಲಿನ ಬ್ರೂವರಿ ಕೆಲಸ ನಿಂತು ಕಾಲವಾಗಿತ್ತು, ಪಾತ್ರೆಗಳು ಮಾತ್ರ ಇದ್ದಲ್ಲೇ ಉಳಿದಿದ್ದವು. 1965ರಲ್ಲಿ ಮನೆಯ 20ನೇ ಒಡೆಯ ಪೀಟರ್ ಮ್ಯಾಕ್ಸ್‌ವೆಲ್ ಸ್ಟುವರ್ಟ್ ಅದನ್ನು ಮತ್ತೆ ಶುರುಮಾಡಿದರು. ಸಣ್ಣ ಬ್ರೂವರಿಗಳ ಹೊಸ ಅಲೆ ಬ್ರಿಟನ್ನಿನಲ್ಲಿ ಏಳುವುದಕ್ಕೆ ಇನ್ನೂ ವರ್ಷಗಳಿದ್ದವು. ಇವತ್ತಿಗೂ ಅಲ್ಲಿ ಏಲ್ ಹುಳಿಯುವುದು ಓಕ್ ಮರದ ತೊಟ್ಟಿಗಳಲ್ಲಿ. ಗದ್ದುಗೆ ಕಳೆದುಕೊಂಡ ರಾಜವಂಶದ ಪರ 1745ರಲ್ಲಿ ಎದ್ದ ಜಾಕೊಬೈಟ್ ದಂಗೆಯ 250ನೇ ವರ್ಷದ ನೆನಪಿಗೆ ಅವರು ಹೊರತಂದ ಏಲ್‌ಗೆ ಹಾಕಿದ್ದು ಕೊತ್ತಂಬರಿ ಬೀಜ. ಕಹಿ ಕೊಡುವ ಹಾಪ್ಸ್ ಹೂ ಸ್ಕಾಟ್ಲೆಂಡಿನ ಚಳಿಗೆ ಚೆನ್ನಾಗಿ ಬರುವುದಿಲ್ಲ. ಅಲ್ಲಿನ ಏಲ್‌ಗಳಲ್ಲಿ ಮಾಲ್ಟಿನ ರುಚಿಯೇ ಮುಂದೆ ನಿಲ್ಲುವುದಕ್ಕೆ ಅದೂ ಒಂದು ಕಾರಣವೆನ್ನುತ್ತಾರೆ. ಮಾಲ್ಟ್ ಕೆಟ್ಟರೆ ಮರೆಮಾಚಲು ಬೇರೇನೂ ಇರುವುದಿಲ್ಲ. ಅವರಿಂದ ನಾವು ಕಲಿಯಬೇಕಾದದ್ದು ಈ ಎಚ್ಚರವನ್ನು.

ನಮ್ಮ ಕಡೆ ಮಾಲ್ಟನ್ನು ಬಿಯರ್‌ವರೆಗೆ ಒಯ್ಯುವಂತಿಲ್ಲ. 1937ರ ತಮಿಳುನಾಡು ಪಾನನಿಷೇಧ ಕಾಯ್ದೆಯಡಿ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಇಲ್ಲಿ ಹೇಳುವುದು ಗಂಜಿಗೆ, ಮಕ್ಕಳ ಸರಿಹಿಟ್ಟಿಗೆ, ಅಂಬಲಿಗೆ ಬೇಕಾದ ಮಾಲ್ಟಿನ ವಿಷಯ ಮಾತ್ರ. ಲೆಕ್ಕವೆಲ್ಲ 5 ಕೆಜಿ ರಾಗಿಗೆ.

ಕಾಳು

ಹೊಸೂರು, ಡೆಂಕಣಿಕೋಟೆ, ತಳಿ, ಕೆಲಮಂಗಲದ ಕಡೆ ರಾಗಿ ಕೊಯ್ಲು ಮುಗಿಯುವುದು ಕಾರ್ತಿಕ ಮಾರ್ಗಶಿರದಲ್ಲಿ. ಕೊಯ್ದ ಕೂಡಲೇ ಮೊಳಕೆಗೆ ಇಡಬೇಡಿ, ಒಂದೂವರೆ ಎರಡು ತಿಂಗಳು ಕಾಳು ಮಾಗಲಿ. ಹಾಗೆಂದು ವರ್ಷ ದಾಟಿದ ರಾಗಿಯೂ ಬೇಡ. ಜಿಪಿಯು-28 ಇರಲಿ, ಇಂಡಾಫ್ ಇರಲಿ, ನಾಟಿ ರಾಗಿ ಇರಲಿ, ತಳಿಗಿಂತ ಮುಖ್ಯ ಒಕ್ಕಣೆ ಹೇಗಾಯಿತೆಂಬುದು. ಟಾರು ರಸ್ತೆಗೆ ಹರಡಿ ಲಾರಿ ಬಸ್ಸಿನ ಚಕ್ರದಡಿ ಒಕ್ಕಿದ ರಾಗಿಯಲ್ಲಿ ಜಜ್ಜಿದ ಕಾಳು ತುಂಬಾ ಇರುತ್ತದೆ. ಜಜ್ಜಿದ ಕಾಳು ಮೊಳೆಯುವುದಿಲ್ಲ. ನೀರು ಕುಡಿದು ಕೊಳೆತು ಪಕ್ಕದ ಒಳ್ಳೆಯ ಕಾಳಿಗೂ ಬೂಷ್ಟು ಹತ್ತಿಸುತ್ತದೆ. ಕಣದಲ್ಲಿ ಗುಂಡುಕಲ್ಲು ಉರುಳಿಸಿ ಒಕ್ಕಿದ್ದೋ, ಬಡಿದು ಬಿಡಿಸಿದ್ದೋ ಸಿಕ್ಕರೆ ಅದನ್ನೇ ಕೊಳ್ಳಿ.

ಬಿತ್ತನೆ ರಾಗಿಯನ್ನು ಎಂದಿಗೂ ಬಳಸಬೇಡಿ. ಅದಕ್ಕೆ ಶಿಲೀಂಧ್ರನಾಶಕ ಹಚ್ಚಿರುತ್ತಾರೆ. ಸಾಮಾನ್ಯವಾಗಿ ಗುಲಾಬಿಯೋ ಹಸಿರೋ ಬಣ್ಣ ಬೆರೆಸಿರುತ್ತಾರೆ, ಆದರೆ ಚಿಲ್ಲರೆಯಾಗಿ ಕೊಂಡರೆ ಬಣ್ಣ ಮಾಸಿ ಗೊತ್ತಾಗದೆ ಹೋಗಬಹುದು. ಇಲ್ಲಿನ ಬೀಜದ ಚೀಲಗಳ ಮೇಲೆ ಬರಹ ಹೆಚ್ಚಾಗಿ ತಮಿಳಲ್ಲಿ. ಓದಲು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳಿ.

ಮೊದಲು ನೂರು ಕಾಳಿನ ಪರೀಕ್ಷೆ. ಒದ್ದೆ ಬಿಳಿ ಬಟ್ಟೆಯ ಮೇಲೆ ಎಣಿಸಿ ನೂರು ಕಾಳು ಇಟ್ಟು, ಬಟ್ಟೆ ಸುತ್ತಿ, ತಟ್ಟೆಯಲ್ಲಿ 48 ಗಂಟೆ ಇಡಿ. 95 ಕಾಳು ಮೊಳೆತರೆ ಒಳ್ಳೆಯದು. 90ಕ್ಕಿಂತ ಕಡಿಮೆಯಾದರೆ ಆ ರಾಗಿ ಮುದ್ದೆಗಿರಲಿ, ಮಾಲ್ಟಿಗೆ ಬೇಡ. ಬೇಸರವೆಂದು ಈ ಪರೀಕ್ಷೆ ಬಿಟ್ಟವರು ಐದು ಕೆಜಿ ಕಾಳನ್ನೂ ನಾಲ್ಕು ದಿನವನ್ನೂ ಕಳೆದುಕೊಳ್ಳುತ್ತಾರೆ.

ನೆನೆಸುವುದು

ಮೊರದಲ್ಲಿ ಕೇರಿ, ಆಮೇಲೆ ನೀರಲ್ಲಿ ಜಾಲಿಸಿ ಕಲ್ಲು ತೆಗೆಯಿರಿ. ತೇಲುವ ಹೊಟ್ಟು, ಜೊಳ್ಳು ಎಲ್ಲ ಚೆಲ್ಲಿ. ನೀರು ತಿಳಿಯಾಗುವ ತನಕ ನಾಲ್ಕೈದು ಸಲ ತೊಳೆಯಬೇಕು. ರಾಗಿಗೆ ಅಂಟಿದ ದೂಳಿನಲ್ಲೇ ಬೂಷ್ಟಿನ ಬೀಜ ಇರುವುದು.

15 ಲೀಟರ್ ನೀರಲ್ಲಿ 8 ಗಂಟೆ ನೆನೆಸಿ. ಬಸಿದು, ಬುಟ್ಟಿಯಲ್ಲೋ ತೂತಿನ ಪಾತ್ರೆಯಲ್ಲೋ 2 ಗಂಟೆ ಹಾಗೇ ಗಾಳಿಗೆ ಬಿಡಿ. ಮತ್ತೆ ಹೊಸ ನೀರಲ್ಲಿ 6 ಗಂಟೆ. ನಡುವಿನ ಈ ಎರಡು ಗಂಟೆಯನ್ನು ಬಹಳ ಜನ ಬಿಡುತ್ತಾರೆ. ಎಚ್ಚೆತ್ತ ಕಾಳು ಉಸಿರಾಡುತ್ತದೆ. ನಿಂತ ನೀರಲ್ಲಿ ಮುಳುಗೇ ಇದ್ದರೆ ಅದಕ್ಕೆ ಗಾಳಿ ಸಾಲದು, ನೀರು ನೊರೆಯೆದ್ದು ಹುಳಿ ವಾಸನೆ ಹೊಡೆಯುತ್ತದೆ, ಮೊಳಕೆ ಏಕಸಮ ಬರುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಬಾರ್ಲಿಯನ್ನು ಎರಡು ಮೂರು ದಿನ ಹೀಗೇ ನೀರು, ಗಾಳಿ, ನೀರು ಎಂದು ಪಾಳಿಯ ಮೇಲೆ ನೆನೆಸುತ್ತಾರೆ. ಬಾರ್ಲಿ ದಪ್ಪ ಕಾಳು, ನೀರೂ ತಣ್ಣಗೆ, ಹಾಗಾಗಿ ಅಷ್ಟು ಹೊತ್ತು. ನಮ್ಮ ರಾಗಿಗೆ 16 ಗಂಟೆ ಸಾಕು. ಬೇಸಿಗೆಯಲ್ಲಿ ನೀರು ಬೆಚ್ಚಗಿದ್ದರೆ 12 ಗಂಟೆಗೇ ಆಗುತ್ತದೆ.

ಸಾಕಾಯಿತೋ ಇಲ್ಲವೋ ಎಂದು ತಿಳಿಯಲು ತೂಕ ನೋಡಿ. ಐದು ಕೆಜಿ ಒಣ ರಾಗಿ ಚೆನ್ನಾಗಿ ಬಸಿದ ಮೇಲೆ 6.7ರಿಂದ 7 ಕೆಜಿ ತೂಗಬೇಕು. ಅಂದರೆ ಕಾಳಿನ ತೇವಾಂಶ ಶೇಕಡಾ 12ರಿಂದ 34-37ಕ್ಕೆ ಏರಿದೆ. ಕಡಿಮೆ ಬಂದರೆ ಇನ್ನೆರಡು ಗಂಟೆ ನೆನೆಸಿ. ಹೆಚ್ಚು ಬಂದರೆ ನೀರು ಪೂರ್ತಿ ಬಸಿದಿಲ್ಲ ಎಂದರ್ಥ. ಕಾಳಿನ ಸುತ್ತ ನೀರಿನ ಪೊರೆ ಉಳಿದರೂ ಅದಕ್ಕೆ ಉಸಿರು ಕಟ್ಟುತ್ತದೆ.

ನೆನೆದ ಕಾಳಿನ ಅಳತೆ ಸ್ಕಾಟ್ಲೆಂಡಿನಲ್ಲಿ ಸರ್ಕಾರದ ವಿಷಯವೂ ಆಗಿತ್ತು. 1725ರಲ್ಲಿ ಅಲ್ಲಿನ ಮಾಲ್ಟಿನ ಮೇಲೆ ಬುಶೆಲ್ ಎಂಬ ಕಾಳಿನ ಅಳತೆಗೆ 3 ಪೆನ್ಸ್‌ನಂತೆ ತೆರಿಗೆ ಬಿತ್ತು. ಗ್ಲಾಸ್ಗೋದಲ್ಲಿ ಜನ ದಂಗೆಯೆದ್ದರು. ಅಬಕಾರಿಯವರು ಬಂದು ತೊಟ್ಟಿಯಲ್ಲಿ ನೆನೆದ ಕಾಳನ್ನೇ ಅಳೆದು ತೆರಿಗೆ ಕಟ್ಟಿಸಿಕೊಳ್ಳುತ್ತಿದ್ದರು. ಆ ತೆರಿಗೆ ಹೋದದ್ದು 1880ರಲ್ಲಿ.

ಮೊಳಕೆ: ಕೈಯಾಡಿಸುವ ಕೆಲಸ

ಮಾಲ್ಟ್ ಒಳ್ಳೆಯದಾಗುವುದೂ ಕೆಡುವುದೂ ಇಲ್ಲೇ. ಸಣ್ಣ ಪ್ರಮಾಣದಲ್ಲಿ ಬಟ್ಟೆಯಲ್ಲಿ ಗಂಟು ಕಟ್ಟಿ ನೇತುಹಾಕುವುದು ರೂಢಿ. ಅರ್ಧ ಕೆಜಿಗೆ ಅದು ನಡೆಯುತ್ತದೆ. ಐದು ಕೆಜಿ ಗಂಟು ಕಟ್ಟಿದರೆ ನಡುವಿನ ಕಾಳು ಬೇಯುವಷ್ಟು ಬಿಸಿಯಾಗಿ, ಹೊರಗಿನದು ಒಣಗಿ, ಎರಡೂ ಕಡೆ ನಷ್ಟ. ಇದಕ್ಕೆ ನೆಲದ ವಿಧಾನವೇ ಸರಿ.

ನೆರಳಿನ, ಗಾಳಿಯಾಡುವ ಕೋಣೆ ಬೇಕು. ಬಿದಿರಿನ ತಟ್ಟಿಯನ್ನು ನೆಲದಿಂದ ನಾಲ್ಕು ಬೆರಳು ಎತ್ತರಕ್ಕೆ ಇಟ್ಟಿಗೆಯ ಮೇಲಿಟ್ಟು, ಒಗೆದು ಬಿಸಿನೀರಲ್ಲಿ ಅದ್ದಿ ಹಿಂಡಿದ ಹತ್ತಿ ಬಟ್ಟೆ ಹಾಸಿ. ಅದರ ಮೇಲೆ ರಾಗಿಯನ್ನು ಎರಡು ಬೆರಳು ದಪ್ಪಕ್ಕೆ, ಅಂದರೆ 3 ಸೆಂಟಿಮೀಟರ್ ಮೀರದಂತೆ ಹರಡಿ, ಮೇಲೊಂದು ಒದ್ದೆ ಬಟ್ಟೆ ಮುಚ್ಚಿ. ಹಳೆಯ ಗೋಣಿಚೀಲ ಬೇಡ. ಎಷ್ಟು ಒಗೆದರೂ ಅದರ ನಾರಿನಲ್ಲಿ ಬೂಷ್ಟು ಉಳಿದೇ ಇರುತ್ತದೆ.

ಆರು ಗಂಟೆಗೊಮ್ಮೆ ಬಟ್ಟೆ ತೆಗೆದು, ಅಂಗೈಯಿಂದ ಅಡಿಯದು ಮೇಲೆ, ಅಂಚಿನದು ನಡುವಿಗೆ ಬರುವಂತೆ ತಿರುವಿ ಹಾಕಿ. ಒಣಗಿದಂತೆ ಕಂಡರೆ 200 ಮಿಲಿ ನೀರು ಚಿಮುಕಿಸಿ, ಸುರಿಯಬೇಡಿ. ತಿರುವುವ ಮೊದಲು ಪ್ರತಿ ಸಲ ಬೆರಳು ನಡುವೆ ಇಳಿಸಿ ನೋಡಿ. ಉಗುರು ಬೆಚ್ಚಗೆ ಅನ್ನಿಸಿದರೆ ಸರಿ, ಕೈ ಬಿಸಿ ಅನ್ನಿಸಿದರೆ ಆಗಲೇ ತಡವಾಗಿದೆ. ಥರ್ಮಾಮೀಟರಿನಲ್ಲಿ 25ರಿಂದ 30 ಡಿಗ್ರಿ ಇರಲಿ. 35 ದಾಟಿದರೆ ಮೊಳಕೆ ಮಂದವಾಗಿ ಬೂಷ್ಟು ಮುಂದಾಗುತ್ತದೆ. ಧನುರ್ಮಾಸದಲ್ಲಿ ತಳಿ ಊರಿನ ಕಡೆಯ ರಾತ್ರಿ ಚಳಿಗೆ ಮೊಳಕೆ ನಿಂತೇ ಹೋದಂತೆ ಕಾಣುತ್ತದೆ. ಆಗ ರಾಶಿಯನ್ನು ಮೂರು ಬೆರಳು ದಪ್ಪ ಮಾಡಿ, ಮೇಲೆ ದಪ್ಪ ಬಟ್ಟೆ ಹೊದಿಸಿ. ಚೈತ್ರ ವೈಶಾಖದಲ್ಲಿ ಒಂದೇ ಬೆರಳಿಗೆ ತೆಳ್ಳಗೆ ಮಾಡಿ, ನಾಲ್ಕು ಗಂಟೆಗೊಮ್ಮೆ ತಿರುವಿ. ದಪ್ಪ ತೆಳು ಮಾಡುವುದರಿಂದಲೇ ಬಿಸಿಯನ್ನು ಹಿಡಿತದಲ್ಲಿಡಬಹುದು.

ಬಾರ್ಲಿಯ ಮಾಲ್ಟಿನ ನೆಲದಲ್ಲೂ ಇದೇ ಲೆಕ್ಕ. ಅಲ್ಲಿ 12ರಿಂದ 16 ಡಿಗ್ರಿ ತಂಪಿನಲ್ಲಿ ಐದಾರು ದಿನ ಕಾಳನ್ನು ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲೆ ಹರಡಿ, ಮರದ ಸಲಿಕೆಯಲ್ಲಿ ಎತ್ತಿ ಗಾಳಿಗೆ ಹಾರಿಸುತ್ತ ಹಗಲಿರುಳು ತಿರುವುತ್ತಿದ್ದರು. ವರ್ಷಗಟ್ಟಲೆ ಒಂದೇ ಬದಿಯಿಂದ ಸಲಿಕೆ ಎತ್ತಿ ಆಳುಗಳ ಒಂದು ಭುಜ ಜೋತುಬೀಳುತ್ತಿತ್ತು. ಮಂಕಿ ಶೋಲ್ಡರ್, ಮಂಗನ ಭುಜ ಎಂದು ಅದಕ್ಕೆ ಹೆಸರೇ ಬಿದ್ದಿತ್ತು. ಈಗ ಬಹುಪಾಲು ಮಾಲ್ಟ್ ಯಂತ್ರಗಳಲ್ಲಿ ಆಗುತ್ತದೆ. ಸ್ಪ್ರಿಂಗ್‌ಬ್ಯಾಂಕ್, ಬಾಲ್ವೆನಿಯಂಥ ಕೆಲವು ವಿಸ್ಕಿ ಭಟ್ಟಿಗಳು ಮಾತ್ರ ನೆಲದ ಕೆಲಸ ಉಳಿಸಿಕೊಂಡಿವೆ.

ರಾಗಿಯಲ್ಲಿ ಏನು ನೋಡಬೇಕು? ಮೊದಲ ದಿನ ಮುಗಿಯುವಾಗ ಕೆಂಪು ಕಾಳಿನ ಒಂದು ತುದಿಯಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಕಾಣುತ್ತದೆ. 36 ಗಂಟೆಗೆ ಅದು ನೂಲಿನಂಥ ಬೇರಾಗಿ, ಹಿಡಿ ಎತ್ತಿದರೆ ಕಾಳುಗಳು ಒಂದಕ್ಕೊಂದು ತೊಡರಿಕೊಂಡು ಬರುತ್ತವೆ. ಈ ಹೊತ್ತಿಗೆ ತಿರುವುವುದನ್ನು ಬಿಟ್ಟರೆ ಬೇರುಗಳು ಹೆಣೆದು ಇಡೀ ರಾಶಿ ಚಾಪೆಯಾಗುತ್ತದೆ. ಆಮೇಲೆ ಬಿಡಿಸಲು ಹೋದರೆ ಬೇರು ಮುರಿಯುತ್ತದೆ, ಮುರಿದ ಕಡೆ ಬೂಷ್ಟು ಕೂರುತ್ತದೆ. ಎರಡು ಕೈಯಲ್ಲಿ ಎತ್ತಿ, ಉಜ್ಜದೆ, ಸಡಿಲವಾಗಿ ಉದುರಿಸಿ ಬಿಡಿಸಿ. ಮೂಸಿದರೆ ಹಸಿ ಸೌತೆಕಾಯಿ ಸೀಳಿದಂಥ ವಾಸನೆ ಬರಬೇಕು. ಹುಳಿ ವಾಸನೆ ಬಂದರೆ ನೀರು ಹೆಚ್ಚಾಗಿದೆ, ಬಟ್ಟೆ ತೆಗೆದು ತೆಳ್ಳಗೆ ಹರಡಿ ಗಾಳಿ ಕೊಡಿ. ಮುಗ್ಗಲು ವಾಸನೆ ಬಂದು ಕಪ್ಪೋ ಹಸಿರೋ ಪುಡಿ ಕಂಡರೆ ಇಡೀ ರಾಶಿ ಗುಂಡಿಗೆ. ಕಂಡಷ್ಟನ್ನು ಆರಿಸಿ ಉಳಿದದ್ದನ್ನು ಬಳಸುವುದು ಬೇಡ, ದನಕ್ಕೂ ಹಾಕಬೇಡಿ. ಬೂಷ್ಟಿನ ಅಫ್ಲಾಟಾಕ್ಸಿನ್ ವಿಷ ಹಸುವಿನ ಹಾಲಿಗೂ ಇಳಿಯುತ್ತದೆ.

ನಿಲ್ಲಿಸುವುದು ಯಾವಾಗ? ಮಕ್ಕಳ ಸರಿಹಿಟ್ಟಿಗೆ 48 ಗಂಟೆ ಸಾಕು, ರುಚಿಯೂ ಹದವಾಗಿರುತ್ತದೆ. ಗಂಜಿ ತೆಳ್ಳಗೆ ಮಾಡುವ ಬಲ ಹೆಚ್ಚು ಬೇಕಿದ್ದರೆ 72 ಗಂಟೆ. ಅಲ್ಲಿಂದ ಮುಂದೆ ಕಿಣ್ವ ಇನ್ನೂ ಸ್ವಲ್ಪ ಏರಬಹುದು, ಆದರೆ ಕಾಳು ತನ್ನ ಹಿಟ್ಟನ್ನೇ ತಿಂದು ಎಲೆ ಬಿಡಲು ಹೊರಡುತ್ತದೆ. ಹಸಿರು ಮೂಡಿದರೆ ಕಹಿ ಬಂತು ಎಂದೇ ತಿಳಿಯಿರಿ. ಮೈಸೂರಿನ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯಲ್ಲಿ ರಾಗಿ ಮಾಲ್ಟಿನ ಮೇಲೆ ದಶಕಗಳ ಕೆಲಸ ನಡೆದಿದೆ. ಕಿರುಧಾನ್ಯಗಳ ಪೈಕಿ ಮಾಲ್ಟಿಗೆ ರಾಗಿಯಷ್ಟು ಒಗ್ಗುವುದು ಬೇರೆ ಇಲ್ಲವೆಂಬುದೇ ನಮ್ಮ ಅಭಿಪ್ರಾಯವೂ. ಜೋಳಕ್ಕೆ ಮಾತ್ರ ಇದೇ ವಿಧಾನವನ್ನು ಹಾಗೇ ತಿರುಗಿಸಬೇಡಿ. ಜೋಳದ ಮೊಳಕೆ ಮತ್ತು ಬೇರಿನಲ್ಲಿ ಸಯನೈಡ್ ಹುಟ್ಟಿಸುವ ವಸ್ತು ಇರುತ್ತದೆ.

ಒಣಗಿಸುವುದು

ಕಿಣ್ವ ಒಣ ಬಿಸಿಗಿಂತ ಹೆಚ್ಚಾಗಿ ಒದ್ದೆ ಬಿಸಿಗೆ ಸಾಯುತ್ತದೆ. ಹಸಿ ಮೊಳಕೆಯನ್ನು ಬಾಣಲೆಗೆ ಹಾಕಿದರೆ ಎರಡೇ ನಿಮಿಷದಲ್ಲಿ ಬೆಂದು, ಮೂರು ದಿನದ ಕೆಲಸ ಹೋಯಿತು. ಅದೇ ಕಾಳು ಒಣಗಿದ ಮೇಲೆ ಸಾಕಷ್ಟು ಶಾಖ ತಡೆಯುತ್ತದೆ. ಆದ್ದರಿಂದ ಮೊದಲು ಹದ ಶಾಖದಲ್ಲಿ ನೀರು ಕಳೆಯಬೇಕು.

ಒಣ ಬಟ್ಟೆಯ ಮೇಲೆ ಒಂದು ಕಾಳಿನ ಮೇಲೊಂದು ಬೀಳುವಷ್ಟೇ ತೆಳ್ಳಗೆ ಹರಡಿ, ಬಿಸಿಲಿಗಿಡಿ. ಮೊದಲ ಮೂರು ಗಂಟೆ ಅರ್ಧ ಗಂಟೆಗೊಮ್ಮೆ ಕೈಯಾಡಿಸಿ. ಸಂಜೆ ಮಂಜು ಬೀಳುವ ಮೊದಲೇ ಒಳಗೆ ತನ್ನಿ, ರಾಶಿ ಹಾಕದೆ ಹರಡಿಯೇ ಇಡಿ. ಎರಡು ಒಳ್ಳೆಯ ಬಿಸಿಲು ಬೇಕು. ಮೋಡವಿದ್ದರೆ ಡ್ರೈಯರಿನಲ್ಲಿ 45ರಿಂದ 50 ಡಿಗ್ರಿ. ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆ ಹಿಡಿಯುತ್ತದೆ. ಸ್ಕಾಟ್ಲೆಂಡಿನ ಕೆಲವು ವಿಸ್ಕಿ ಭಟ್ಟಿಗಳು ಬೇಕೆಂದೇ ಪೀಟ್ ಎಂಬ ಜೌಗು ನೆಲದ ಹೆಂಟೆ ಉರಿಸಿ ಮಾಲ್ಟಿಗೆ ಹೊಗೆ ಹಿಡಿಸುತ್ತವೆ. ಮಗುವಿನ ಗಂಜಿಗೆ ಅದು ಬೇಡ.

ಒಣಗಿತೇ ಎಂದು ನೋಡಲು ಬೇರನ್ನು ಹಿಡಿಯಿರಿ. ಬಾಗಿದರೆ ಇನ್ನೂ ಹಸಿ, ಪುಡಿಯಾಗಿ ಮುರಿದರೆ ಆಯಿತು. ಆಮೇಲೆ ಒರಟು ಬಟ್ಟೆಯಲ್ಲಿ ಹಾಕಿ ಉಜ್ಜಿ, ಮೊರದಲ್ಲಿ ಕೇರಿದರೆ ಬೇರೆಲ್ಲ ಹಾರಿಹೋಗುತ್ತದೆ. ಬೇರು ಉಳಿದರೆ ಹಿಟ್ಟು ಕಹಿ. ಬೂಷ್ಟಿಲ್ಲದ ಈ ಬೇರಿನ ಪುಡಿಯನ್ನು ದನಕ್ಕೆ ಬೂಸಾದ ಜೊತೆ ಹಾಕಬಹುದು. ಬಾರ್ಲಿಯ ಬೇರೂ ಅಲ್ಲಿ ದನದ ಮೇವೇ. ಐದು ಕೆಜಿಗೆ ಕೊನೆಯಲ್ಲಿ ಸಿಗುವುದು 4ರಿಂದ 4.3 ಕೆಜಿ. ಉಳಿದದ್ದು ಕಾಳಿನ ಉಸಿರಿಗೂ ಬೇರಿಗೂ ಹೋದದ್ದು. ಮಾರುವವರು ಬೆಲೆ ಕಟ್ಟುವಾಗ ಇದನ್ನು ಮರೆಯಬಾರದು.

ಎರಡು ಬಗೆ

ಒಣಗಿದ ಮಾಲ್ಟನ್ನು ಎರಡು ಪಾಲು ಮಾಡಿ. 1 ಕೆಜಿಯನ್ನು ಹುರಿಯದೆ ತೆಗೆದಿಡಿ, ಇದು ಕೆಲಸದ ಮಾಲ್ಟ್. ಉಳಿದ 3 ಕೆಜಿ ಚಿಲ್ಲರೆಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಒಮ್ಮೆಗೆ ಅರ್ಧ ಕೆಜಿಯಂತೆ, ಎಂಟು ಹತ್ತು ನಿಮಿಷ ಕೈಬಿಡದೆ ಹುರಿಯಿರಿ. ಬಿಸ್ಕತ್ತಿನಂಥ ಘಮ ಎದ್ದ ಕೂಡಲೇ ಇಳಿಸಿ ತಟ್ಟೆಗೆ ಸುರಿಯಿರಿ. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಸೀದು ಕಹಿಯಾಗುತ್ತದೆ. ಇದು ಘಮದ ಮಾಲ್ಟ್, ಇದರಲ್ಲಿ ಕಿಣ್ವ ಉಳಿದಿಲ್ಲ. ಬ್ರೂವರಿಗಳೂ ಹೀಗೇ ಮಾಡುತ್ತವೆ: ಬಹುಪಾಲು ಹದ ಶಾಖದಲ್ಲಿ ಒಣಗಿಸಿದ ಬಿಳಿ ಮಾಲ್ಟ್, ಬಣ್ಣಕ್ಕೂ ರುಚಿಗೂ ಕಪ್ಪಗೆ ಹುರಿದದ್ದು ತೀರ ಸ್ವಲ್ಪ. ಬರೀ ಹುರಿದ ಮಾಲ್ಟಿನಿಂದ ಏಲ್ ಆಗುವುದಿಲ್ಲ, ಸಕ್ಕರೆಯೇ ಹುಟ್ಟುವುದಿಲ್ಲ. ನಮ್ಮ ಅಂಗಡಿಯ ಪೊಟ್ಟಣಗಳ ಕೊರತೆಯೂ ಇದೇ.

ಬೀಸಲು ಮಿಲ್ಲಿಗೆ ಹೋಗುವಾಗ ಎರಡನ್ನೂ ಬೇರೆ ಬೇರೆ ಚೀಲದಲ್ಲಿ ಒಯ್ಯಿರಿ. ಕೆಲಸದ ಮಾಲ್ಟನ್ನು ಬೆಳಗ್ಗೆ ಮೊದಲ ಪಾಳಿಗೆ, ಕಲ್ಲು ತಣ್ಣಗಿರುವಾಗ ಬೀಸಿಸಿ. ಹಿಟ್ಟು ಕೈ ಸುಡುವಷ್ಟು ಬಿಸಿಯಾಗಿ ಬಿದ್ದರೆ ಕಲ್ಲಿನ ಬಿಗಿ ಸಡಿಲಿಸಿ ಎರಡು ಸಲ ಬೀಸಿಸುವುದು ಒಳ್ಳೆಯದು. ಮೆಣಸಿನಕಾಯಿ ಪುಡಿ ಮಾಡಿದ ಮಿಷನ್ನಿಗೆ ಹಾಕಿಸಬೇಡಿ. ಮನೆಗೆ ತಂದ ಕೂಡಲೇ ಹರಡಿ ಆರಿಸಿ, ಸಣ್ಣ ಕಣ್ಣಿನ ಜರಡಿ ಅಥವಾ ತೆಳು ಬಟ್ಟೆಯಲ್ಲಿ ಸೋಸಿ.

ಕೆಲಸ ಮಾಡುತ್ತದೆಯೇ ಎಂಬ ಪರೀಕ್ಷೆ

300 ಮಿಲಿ ನೀರಿಗೆ 45 ಗ್ರಾಂ ಸಾದಾ ರಾಗಿ ಹಿಟ್ಟನ್ನು ಗಂಟಿಲ್ಲದಂತೆ ಕಲಸಿ ಕುದಿಸಿ. ಐದು ನಿಮಿಷದಲ್ಲಿ ಚಮಚ ನಿಲ್ಲುವಷ್ಟು ಗಟ್ಟಿಯಾಗುತ್ತದೆ. ಒಲೆಯಿಂದ ಇಳಿಸಿ 65 ಡಿಗ್ರಿಗೆ ಆರಲಿ. ಇದಕ್ಕೆ ಅಡುಗೆಮನೆಯ ಥರ್ಮಾಮೀಟರ್ ಬೇಕೇ ಬೇಕು, ಈ ಕೆಲಸಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಅದೊಂದೇ. ಈಗ ಎರಡು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಕೆಲಸದ ಮಾಲ್ಟ್ ಹಾಕಿ ಕದಡಿ. ಚಮಚಕ್ಕೆ ತಡೆ ಕೊಡುತ್ತಿದ್ದ ಗಂಜಿ ಎರಡು ಮೂರು ನಿಮಿಷದಲ್ಲೇ ಸಡಿಲವಾಗಿ, ಹತ್ತು ನಿಮಿಷಕ್ಕೆ ಲೋಟದಿಂದ ಲೋಟಕ್ಕೆ ಧಾರೆಯಾಗಿ ಸುರಿಯುವಂತಾಗಬೇಕು. ಆಗದಿದ್ದರೆ ಕಾರಣ ಮೂರರಲ್ಲಿ ಒಂದು: ಮೊಳಕೆ ಸಾಲದು, ಹಸಿ ಇದ್ದಾಗ ಶಾಖ ಹೆಚ್ಚಾಯಿತು, ಇಲ್ಲವೇ ಗಂಜಿ 65ಕ್ಕೆ ಆರುವ ಮೊದಲೇ ಹಾಕಿದಿರಿ. 80 ಡಿಗ್ರಿಯಲ್ಲಿ ಹಾಕಿದರೆ ಕಿಣ್ವಕ್ಕೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ.

ಬ್ರೂವರಿಯಲ್ಲಿ ಬಾರ್ಲಿ ಮಾಲ್ಟಿನ ನುಚ್ಚನ್ನು ಇದೇ 65ರ ಆಸುಪಾಸಿನ ನೀರಲ್ಲಿ ಒಂದು ಗಂಟೆ ಇಟ್ಟರೆ ಸಾಕು, ಅದರ ಹಿಟ್ಟು ಆ ಶಾಖಕ್ಕೇ ಬಿಚ್ಚಿಕೊಳ್ಳುತ್ತದೆ. ರಾಗಿಯ ಹಿಟ್ಟಿಗೆ ಅಷ್ಟು ಶಾಖ ಸಾಲದು. ಅದಕ್ಕೇ ಮೊದಲು ಬೇಯಿಸಿ, ಆಮೇಲೆ ಆರಿಸಿ, ಆಮೇಲೆ ಮಾಲ್ಟ್ ಹಾಕುವುದು.

ಮಗುವಿನ ಗಂಜಿಗೂ ಕ್ರಮ ಇದೇ, ಆರು ತಿಂಗಳು ತುಂಬಿದ ಮೇಲೆ. ಹೊಟ್ಟೆ ಸಣ್ಣದು, ಒಂದು ಬಟ್ಟಲಲ್ಲಿ ಹಿಟ್ಟು ಹೆಚ್ಚು ಹೋಗಬೇಕು, ಆದರೆ ಗಂಜಿ ಗಟ್ಟಿಯಾದರೆ ಮಗು ನುಂಗದು. ಮಾಲ್ಟ್ ಹಾಕಿದರೆ ಅದೇ ಬಟ್ಟಲಲ್ಲಿ ಹಿಟ್ಟು ಎರಡರಷ್ಟಿದ್ದರೂ ಕುಡಿಯುವ ಹದ ಸಿಗುತ್ತದೆ. ತೆಳ್ಳಗಾದ ಮೇಲೆ ಮತ್ತೊಮ್ಮೆ ಚೆನ್ನಾಗಿ ಕುದಿಸಿಯೇ ಕೊಡಿ. ಮೂರು ದಿನ ಒದ್ದೆಯಲ್ಲಿದ್ದ ಕಾಳಿನ ಹಿಟ್ಟಿನಲ್ಲಿ ಸೂಕ್ಷ್ಮಜೀವಿಗಳು ಇದ್ದೇ ಇರುತ್ತವೆ, ಕುದಿಸದೆ ಕೊಟ್ಟರೆ ಭೇದಿಯಾಗಬಹುದು. ದೊಡ್ಡವರ ಅಂಬಲಿಗೆ ಘಮದ ಮಾಲ್ಟ್ ಮೂರು ಚಮಚ, ಕೆಲಸದ ಮಾಲ್ಟ್ ಅರ್ಧ ಚಮಚ. ಹುರಿದು ಕುಟ್ಟಿದ ಕೊತ್ತಂಬರಿ ಬೀಜ ಒಂದು ಚಿಟಿಕೆ ಬಿದ್ದರೆ ಘಮ ಇಮ್ಮಡಿ.

ಹಿಟ್ಟನ್ನು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಬೆವರಿ ವಾರದಲ್ಲೇ ಗಂಟು ಕಟ್ಟುತ್ತದೆ. ಸ್ಟೀಲ್ ಡಬ್ಬಿಯಲ್ಲಿ, ಒಣ ಚಮಚ ಬಳಸಿದರೆ ಎರಡು ತಿಂಗಳು ಇರುತ್ತದೆ. ಬೀಸದೆ ಕಾಳಾಗಿಯೇ ಇಟ್ಟ ಮಾಲ್ಟ್ ಇನ್ನೂ ಹೆಚ್ಚು ದಿನ ಬಾಳುತ್ತದೆ, ಹಾಗಾಗಿ ತಿಂಗಳಿಗೆ ಬೇಕಾದಷ್ಟನ್ನೇ ಬೀಸಿಸಿ.